ಮಂಡಿ ಎತ್ತಬೇಡಿ ಸರ್

ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುವಾಯ್ ಥಾಯ್ ಕಲಿಯಲು ಶುರು ಮಾಡಿ ಮೂರು ತಿಂಗಳಾಯಿತು. ಅದರಲ್ಲಿ ಸುಮಾರು ಐದು ವಾರ ಒಂದೇ ಒಂದು ಹೊಡೆತದ ಹಿಂದೆ ಹೋಗಿದೆ. ಮಂಡಿ ಹೊಡೆತ. ಅದೂ ಎಗರಿ ಹೊಡೆಯುವುದು, ಪಕ್ಕದಿಂದ ಬೀಸಿ ಹೊಡೆಯುವುದು ಅಂತ ದೊಡ್ಡ ಕಸರತ್ತೇನಲ್ಲ. ನಿಂತಲ್ಲಿಂದ ನೇರವಾಗಿ ಮುಂದಕ್ಕೆ ಹೋಗುವ, ಅ ಆ ಇ ಈ ಅನ್ನಬಹುದಾದ ಮಂಡಿ. ಥಾಯ್ ಭಾಷೆಯಲ್ಲಿ ಇದಕ್ಕೆ ಖಾವ್ ತ್ರೊಂಗ್ ಅನ್ನುತ್ತಾರೆ. ಖಾವ್ ಅಂದರೆ ಮಂಡಿ, ತ್ರೊಂಗ್ ಅಂದರೆ ನೇರ. ಹೆಸರಲ್ಲೇ ಎಲ್ಲ ಇದೆ ಅಂದುಕೊಂಡೆ. ಅಲ್ಲೇ ಎಡವಿದ್ದು.

ನಿಜ ಹೇಳಬೇಕೆಂದರೆ ಈ ಪಾಠಕ್ಕೆ ನಾನು ಕಾಯುತ್ತಿದ್ದೆ. ಪಂಚ್ ಕಲಿಯುವಾಗ ಮಣಿಕಟ್ಟು ನೋವು. ಬೀಸಿ ಒದೆಯುವ ಕಿಕ್ ಕಲಿಯುವಾಗ ನಿಂತ ಪಾದ ತಿರುಗದೆ, ಪ್ಯಾಡ್‌ಗಿಂತ ನೆಲವೇ ಹತ್ತಿರ ಅನ್ನಿಸಿತ್ತು. ಮಂಡಿ ಮಾತ್ರ ಗೊತ್ತಿರುವ ಕೆಲಸ ಅಲ್ವಾ? ದಿನಾ ಮೆಟ್ಟಿಲು ಹತ್ತುತ್ತೇವೆ. ಮಂಡಿ ಎತ್ತುವುದು ಯಾರಿಗೆ ಬರಲ್ಲ?

ಕೋಚ್ ಹೊಟ್ಟೆಗೆ ದಪ್ಪನೆಯ ಬೆಲ್ಲಿ ಪ್ಯಾಡ್ ಕಟ್ಟಿಕೊಂಡು ಎದುರು ನಿಂತರು. "ಬಲ ಮಂಡಿ, ಹತ್ತು" ಅಂದರು. ನಾನು ಉಸಿರು ಬಿಗಿಹಿಡಿದು ಒಂದು ಕೊಟ್ಟೆ. ಗೋಡೆಗೆ ಯಾರೋ ದಿಂಬು ಒರಗಿಸಿದಷ್ಟು ಸದ್ದು. ಅವರು ಅಲ್ಲಾಡಲಿಲ್ಲ. ಎರಡು, ಮೂರು, ನಾಲ್ಕು. ಐದಕ್ಕೆ ಕೈ ತೋರಿಸಿ ನಿಲ್ಲಿಸಿ, ತುಂಬ ಮರ್ಯಾದೆಯಿಂದ, "ಮಂಡಿ ಎತ್ತಬೇಡಿ ಸರ್" ಅಂದರು.

ಮಂಡಿ ಹೊಡೆಯುವ ಪಾಠದಲ್ಲಿ ಮಂಡಿ ಎತ್ತಬೇಡಿ ಅಂದರೆ ಮನುಷ್ಯ ಏನು ಮಾಡಬೇಕು? ಸುಮ್ನೆ ಅವರ ಮುಖ ನೋಡಿದೆ.

"ನಾನೇನು ಮೇಲೆ ನೇತಾಡ್ತಾ ಇದ್ದೀನಾ? ಎದುರಿಗೆ ನಿಂತಿದ್ದೀನಿ. ಸೊಂಟ ತಳ್ಳಿ. ಮಂಡಿ ತಾನಾಗೇ ಬರುತ್ತೆ."

ತಾನಾಗೇ ಬರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಅವರು ಹೇಳಿದ್ದು ಸರಿ. ನಾನು ಮಾಡುತ್ತಿದ್ದದ್ದು ಮೆಟ್ಟಿಲು ಹತ್ತುವ ಕೆಲಸವೇ. ತೊಡೆ ಕೆಳಗಿನಿಂದ ಮೇಲಕ್ಕೆ ಏಳುತ್ತಿತ್ತು, ಮಂಡಿ ಪ್ಯಾಡ್‌ನ ಮುಖವನ್ನು ಸವರಿಕೊಂಡು ಮೇಲೆ ಹೋಗಿ ಅಷ್ಟೇ ಮರ್ಯಾದಸ್ಥನಂತೆ ಕೆಳಗೆ ಇಳಿಯುತ್ತಿತ್ತು. ಅದರ ಹಿಂದೆ ನನ್ನ ಮೈಯ ಭಾರ ಎಳ್ಳಷ್ಟೂ ಇರಲಿಲ್ಲ. ಮೈ ಇದ್ದಲ್ಲೇ ಇತ್ತು, ಕಾಲು ಮಾತ್ರ ಊರು ಸುತ್ತಿ ಬರುತ್ತಿತ್ತು. ಇನ್ನೂ ಕೆಟ್ಟದ್ದೇನೆಂದರೆ, ಮಂಡಿ ಎತ್ತುವ ಭರದಲ್ಲಿ ಎದೆ ಮುಂದಕ್ಕೆ ಬಾಗಿ ಕುಂಡೆ ಹಿಂದಕ್ಕೆ ಹೋಗುತ್ತಿತ್ತು. ಅಂದರೆ ಹೊಡೆತ ಹೋಗಬೇಕಾದ ದಿಕ್ಕಿಗೆ ಸರಿಯಾಗಿ ಎದುರು ದಿಕ್ಕಿಗೆ ನನ್ನ ಸೊಂಟ ಹೊರಟಿತ್ತು.

ಆಮೇಲೆ ಅವರು ಮಾಡಿಸಿದ ಒಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನೇತು ಹಾಕಿದ ಹೆವಿ ಬ್ಯಾಗಿನ ಮುಂದೆ ನಿಲ್ಲಬೇಕು. ಎರಡೂ ಕೈ ಚಾಚಿ ಬ್ಯಾಗನ್ನು ಹಿಡಿದುಕೊಳ್ಳಬೇಕು. ಬಲಗಾಲು ಹಿಂದೆ, ಎಡಗಾಲು ಮುಂದೆ. ಈಗ ಮಂಡಿಯನ್ನು ಪೂರ್ತಿ ಮರೆತು, ಬಲಗಡೆಯ ಸೊಂಟವನ್ನು ಮಾತ್ರ ಮುಂದೆ ಕೊಟ್ಟು ಬ್ಯಾಗಿಗೆ ತಾಗಿಸಬೇಕು. ಅಷ್ಟೇ. ನೋಡಲು ನಾಚಿಕೆಯಾಗುತ್ತದೆ, ನಿಜ. ಬ್ಯಾಗಿಗೆ ಸೊಂಟದಲ್ಲಿ ಡಿಕ್ಕಿ ಕೊಡುತ್ತಾ ನಿಂತ ನಡುವಯಸ್ಸಿನವನನ್ನು ನೋಡಿ ಪಕ್ಕದವರು ನಗು ತಡೆದುಕೊಂಡದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಇಪ್ಪತ್ತು ಸಲ ಹಾಗೆ ಮಾಡಿಸಿ, ಇನ್ನು ಅದೇ ಡಿಕ್ಕಿಯ ಕೊನೆಯಲ್ಲಿ ಕಾಲು ಮಡಚಿ ಬಿಡಿ ಅಂದರು. ಮಡಚಿದೆ. ಮಂಡಿ ಬ್ಯಾಗಿನ ಒಳಗೆ ಹೋಯಿತು. ಒಳಗೆ ಅಂದರೆ ನಿಜವಾಗಲೂ ಒಳಗೆ, ಬ್ಯಾಗ್ ನನ್ನ ತೊಡೆಯ ಸುತ್ತ ಬಾಗಿದಂತೆ ಕಂಡಿತು. ಒಂದೇ ಸಲ. ಮುಂದಿನದಕ್ಕೆ ಮತ್ತೆ ಮೆಟ್ಟಿಲು ಹತ್ತಿದೆ.

ಆವತ್ತು ರಾತ್ರಿ ಕೂತು ವಿಡಿಯೋಗಳನ್ನು ನೋಡಿದೆ. ಮಂಡಿ ಹೊಡೆತದ ವಿಡಿಯೋ ನೋಡುವಾಗ ಎಲ್ಲರ ಕಣ್ಣೂ ಮಂಡಿಯ ಮೇಲೆಯೇ ಇರುತ್ತದೆ, ಅದು ಸಹಜ. ನಾನು ಬೇಕಂತಲೇ ಕೈಯಿಂದ ಪರದೆಯ ಮೇಲರ್ಧ ಮುಚ್ಚಿ ಬರೀ ನಿಂತ ಕಾಲನ್ನು ನೋಡಿದೆ. ಅದೊಂದು ಬೇರೆಯೇ ಕಥೆ. ಹೊಡೆತ ತಗಲುವ ಹೊತ್ತಿಗೆ ಆ ಕಾಲಿನ ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಪಾದ ಸ್ವಲ್ಪ ಹೊರಗೆ ತಿರುಗಿರುತ್ತದೆ. ಮೀನಖಂಡ ಗಂಟು ಕಟ್ಟಿದಂತೆ ಉಬ್ಬಿರುತ್ತದೆ. ಇಡೀ ಮನುಷ್ಯ ಒಂದು ಪಾದದ ಮುಂಭಾಗದ ಮೇಲೆ ನಿಂತು ತನ್ನನ್ನೇ ಮುಂದಕ್ಕೆ ತಳ್ಳಿಕೊಳ್ಳುತ್ತಿರುತ್ತಾನೆ. ತುದಿಗಾಲಲ್ಲಿ ನಿಂತು ಕಾಯುವುದು ನನಗೆ ಗೊತ್ತಿತ್ತು. ತುದಿಗಾಲಲ್ಲಿ ನಿಂತು ಹೊಡೆಯುವುದು ಗೊತ್ತಿರಲಿಲ್ಲ.

ಹಿಮ್ಮಡಿ ಯಾಕೆ ಏಳಬೇಕು ಅಂತ ನಿಮಗೂ ಅನ್ನಿಸಿದರೆ ಈಗಲೇ ಎದ್ದು ನಿಂತು ನೋಡಿ. ಎಡಪಾದವನ್ನು ನೆಲಕ್ಕೆ ಅಂಟಿಸಿಟ್ಟು, ಬಲ ಮಂಡಿ ಮಡಚಿ ಸೊಂಟವನ್ನು ಎಷ್ಟು ಮುಂದೆ ಹೋಗುತ್ತದೋ ಅಷ್ಟು ತಳ್ಳಿ. ಒಂದು ಕಡೆ ಬಂದು ನಿಂತುಬಿಡುತ್ತದೆ ಅಲ್ವಾ? ಈಗ ಹಿಮ್ಮಡಿ ಎತ್ತಿ. ಇನ್ನೊಂದು ಗೇಣು ದಾರಿ ಸಿಗುತ್ತದೆ, ಜೊತೆಗೆ ಎತ್ತರವೂ ಬರುತ್ತದೆ. ಹೊಡೆತ ಇರುವುದೇ ಆ ಕೊನೆಯ ಗೇಣಿನಲ್ಲಿ. ದಿನವಿಡೀ ಕುರ್ಚಿಯಲ್ಲಿ ಕೂರುವ ನಮ್ಮಂಥವರಿಗೆ ತೊಡೆಯ ಬುಡದ ಮುಂಭಾಗ ಬಿಗಿದುಕೊಂಡಿರುತ್ತದೆ, ಹಾಗಾಗಿ ನಿಂತ ಕಾಲಿನ ಕಡೆಯೇ ಸೊಂಟವನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ನನಗೆ ಇದು ಗೊತ್ತಾದದ್ದು ತಡವಾಗಿ. ಈಗ ಮನೆಯಲ್ಲಿ ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಸೊಂಟ ಮುಂದೆ ಕೊಟ್ಟು ಒಂದೊಂದು ನಿಮಿಷ ಹಾಗೇ ಇರುತ್ತೇನೆ. ಬೇಜಾರಿನ ಕೆಲಸ. ಆದರೆ ನೂರು ಮಂಡಿ ಹೊಡೆದು ಸಿಗದ್ದು ಇದರಲ್ಲಿ ಸಿಕ್ಕಿತು.

ಇನ್ನು ಹೊಡೆಯುವ ಕಾಲು. ಮೊದಲ ವಾರ ನಾನು ಮಂಡಿಚಿಪ್ಪಿನಿಂದಲೇ ಹೊಡೆಯುತ್ತಿದ್ದೆ. ಪ್ಯಾಡ್‌ನ ಹೊಲಿಗೆ ಬಂದು ಸರಿಯಾಗಿ ಚಿಪ್ಪಿನ ಮೇಲೆ ಕೂತು, ಅಂಗಿಯ ಗುಂಡಿಯಷ್ಟು ಅಗಲದ ಚರ್ಮ ಕಿತ್ತುಕೊಂಡು ಹೋಯಿತು. ಅದು ಒಣಗಿ ಹಕ್ಕಳೆಯಾಗುತ್ತದೆ, ಮುಂದಿನ ಕ್ಲಾಸಿನಲ್ಲಿ ಮತ್ತೆ ಕಿತ್ತುಬರುತ್ತದೆ, ಮತ್ತೆ ಒಣಗುತ್ತದೆ. ಪ್ಯಾಂಟ್ ಹಾಕಿಕೊಳ್ಳುವಾಗ ಬಟ್ಟೆ ಅದಕ್ಕೆ ಅಂಟಿ, ಸಂಜೆ ಬಿಚ್ಚುವಾಗ ಬಾಯಲ್ಲಿ ಬರಬಾರದ ಮಾತು ಬರುತ್ತಿತ್ತು. ಪರಿಹಾರ ಇದ್ದದ್ದು ಹಿಮ್ಮಡಿಯಲ್ಲಿ. ಹಿಮ್ಮಡಿ ಕುಂಡೆಗೆ ಹತ್ತುವಷ್ಟು ಕಾಲು ಬಿಗಿಯಾಗಿ ಮಡಚಬೇಕು, ಬೆರಳುಗಳು ನೆಲ ನೋಡಬೇಕು. ಹಾಗೆ ಮಡಚಿದಾಗ ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನೊಳಗೆ ಇಳಿದು ಕೂರುತ್ತದೆ. ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ. ತಗಲಬೇಕಾದದ್ದು ಅದರ ಸ್ವಲ್ಪ ಮೇಲಿನ ಗಟ್ಟಿ ಜಾಗ, ತೊಡೆಮೂಳೆ ಮುಗಿಯುವ ಕಡೆ. ಕಾಲು ಸಡಿಲವಾಗಿ ಮಡಚಿದರೆ ಮೊನೆಯೇ ಇರುವುದಿಲ್ಲ, ಮೊಣಕಾಲು ಕೆಳಗಿನ ಭಾಗವೆಲ್ಲ ಹಲಗೆಯ ಹಾಗೆ ಹೋಗಿ ಪ್ಯಾಡ್‌ಗೆ ಬಡಿಯುತ್ತದೆ.

ಕೈಗಳ ಬಗ್ಗೆ ಒಂದೊಂದು ಜಿಮ್‌ನಲ್ಲಿ ಒಂದೊಂದು ಮಾತು. ಕೆಲವರು ಹೊಡೆಯುವ ಕಡೆಯ ಕೈಯನ್ನು ಜೋರಾಗಿ ಕೆಳಗೆ ಹಿಂದಕ್ಕೆ ಬೀಸಲು ಹೇಳುತ್ತಾರೆ, ತೂಕ ಸರಿದೂಗುತ್ತದೆ ಅಂತ. ನಮ್ಮ ಕೋಚ್ ಆ ಕೈಯನ್ನು ಎದುರಿನವರ ಹೆಗಲ ಕಡೆಗೆ ಉದ್ದಕ್ಕೆ ಚಾಚಿಸುತ್ತಾರೆ. ಇನ್ನೊಂದು ಕೈ ಮಾತ್ರ ಎಲ್ಲ ಕಡೆಯೂ ಒಂದೇ: ಮುಖದ ಹತ್ತಿರ, ಅಲ್ಲಾಡದೆ. ನನ್ನದು ಐದಾರು ಮಂಡಿಗಳಾದ ಮೇಲೆ ದಣಿವಿಗೆ ಎದೆಗೆ ಇಳಿಯುತ್ತದೆ. ಇಳಿದ ಕೂಡಲೇ ಕೋಚ್ ಪ್ಯಾಡ್‌ನಿಂದ ಕೆನ್ನೆಗೆ ಮೆತ್ತಗೆ ಒಂದು ತಟ್ಟುತ್ತಾರೆ. ಮೆತ್ತಗೆ ಅನ್ನುವುದು ಅವರ ಪ್ರಕಾರ.

ಮೇಲ್ಮೈ ಸ್ವಲ್ಪ ಹಿಂದಕ್ಕೆ ವಾಲಬೇಕು. ಸೊಂಟ ಮುಂದೆ ಹೋಗಬೇಕಾದರೆ ಭುಜ ಹಿಂದೆ ಉಳಿಯಲೇಬೇಕು, ಜೊತೆಗೆ ಮುಖವೂ ಎದುರಿನವರ ಪಂಚಿನಿಂದ ದೂರ ಹೋಗುತ್ತದೆ. ಈ 'ಸ್ವಲ್ಪ' ಅನ್ನುವ ಪದ ನನಗೆ ಕೇಳಿಸಿರಲಿಲ್ಲ ಅಂತ ಕಾಣುತ್ತದೆ. ಎರಡನೇ ವಾರ ನಾನು ಭಾರೀ ಶೈಲಿಯಿಂದ ಹಿಂದಕ್ಕೆ ವಾಲಿ ಮಂಡಿ ಕೊಟ್ಟೆ. ಎದುರು ಪ್ಯಾಡ್ ಹಿಡಿದಿದ್ದವಳು ಕಾಲೇಜು ಓದುವ ಹುಡುಗಿ. ಅವಳು ಹೊಡೆಯಲಿಲ್ಲ, ತಳ್ಳಲೂ ಇಲ್ಲ. ಪ್ಯಾಡ್ ನನ್ನ ಎದೆಗೆ ಮುಟ್ಟಿಸಿದಳು ಅಷ್ಟೇ. ನಾನು ಒಂದು ಕಾಲಿನ ಮೇಲೆ ನಿಂತ ಏಣಿ ಜಾರಿದ ಹಾಗೆ ಪೂರ್ತಿ ಅಂಗಾತ ಬಿದ್ದೆ. "ಅಯ್ಯೋ ಅಂಕಲ್, ಸಾರಿ" ಅಂದಳು. ಬಿದ್ದದ್ದಕ್ಕಿಂತ ಆ ಸಾರಿಯ ಹಿಂದಿನ ನಗು ಜಾಸ್ತಿ ನಾಟಿತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಕೇಳಿದರೆ, ಥಾಯ್ಲೆಂಡಿನಲ್ಲಿ ಮಂಡಿಗೆ ಇರುವ ಮರ್ಯಾದೆಯೇ ಬೇರೆ. ಮುವಾಯ್ ಥಾಯನ್ನು ಎಂಟು ಅಂಗಗಳ ವಿದ್ಯೆ ಅನ್ನುತ್ತಾರೆ: ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮಂಡಿ, ಎರಡು ಕಾಲು. ಎಂಟೂ ಸಮ ಅಂತ ಹೆಸರು ಹೇಳುತ್ತದೆ, ಆದರೆ ಅಂಕ ಕೊಡುವಾಗ ಸಮ ಅಲ್ಲ. ಸುಮ್ಮನೆ ತಗಲಿದ ಪಂಚಿಗೆ ಅಲ್ಲಿ ಅಂಥ ಬೆಲೆ ಇಲ್ಲ. ಮೈಗೆ ಸರಿಯಾಗಿ ಕೂತ ಒದೆತ, ಮಂಡಿ, ಎದುರಾಳಿಯ ನಿಲುವು ಕೆಡಿಸಿದ ಹೊಡೆತ, ಇವಕ್ಕೇ ತೂಕ. ಬ್ಯಾಂಕಾಕಿನ ರಾಜದಮ್ನೆರ್ನ್ ಮತ್ತು ಲುಂಪಿನಿ ಕ್ರೀಡಾಂಗಣಗಳ ಹಳೆಯ ಪಂದ್ಯಗಳನ್ನು ನೋಡಿ. 3 ನಿಮಿಷದ 5 ರೌಂಡ್, ನಡುವೆ 2 ನಿಮಿಷ ವಿರಾಮ. ಮೊದಲ ಎರಡು ರೌಂಡ್ ಇಬ್ಬರೂ ಅಳೆದು ನೋಡುತ್ತಿರುತ್ತಾರೆ, ಹೊಸಬರಿಗೆ ಬೇಜಾರೂ ಆಗಬಹುದು. ಮೂರು, ನಾಲ್ಕನೇ ರೌಂಡಿಗೆ ಕುತ್ತಿಗೆ ಹಿಡಿದು ಮಂಡಿ ಶುರುವಾಗುತ್ತದೆ. ಮಾಮೂಲಿ ಬಾಕ್ಸಿಂಗ್ ಆಗಿದ್ದರೆ ಇಬ್ಬರು ಅಪ್ಪಿಕೊಂಡ ತಕ್ಷಣ ರೆಫರಿ ಬಿಡಿಸುತ್ತಾನೆ. ಇಲ್ಲಿ ಕೆಲಸ ನಡೆಯುತ್ತಿರುವಷ್ಟು ಹೊತ್ತು ಬಿಟ್ಟುಬಿಡುತ್ತಾನೆ. ಒಂದೊಂದು ಮಂಡಿ ಬಿದ್ದಾಗಲೂ ಜನ ಒಟ್ಟಿಗೆ ಕೂಗುತ್ತಾರೆ, ಕಣ್ಣು ಮುಚ್ಚಿಕೊಂಡರೂ ಎಷ್ಟು ಬಿತ್ತು ಅಂತ ಎಣಿಸಬಹುದು.

ಮಂಡಿಯನ್ನೇ ನಂಬಿ ಆಡುವವರಿಗೆ ಅಲ್ಲಿ ಮುವಾಯ್ ಖಾವ್ ಅಂತ ಪ್ರತ್ಯೇಕ ಹೆಸರೇ ಇದೆ. ಅವರಲ್ಲಿ ಡೀಸೆಲ್‌ನಾಯ್ ಚೋರ್ ಥನಾಸುಕಾರ್ನ್ ಅನ್ನುವವರ ಪಂದ್ಯಗಳನ್ನು ಕೋಚ್ ನೋಡಲು ಹೇಳಿದ್ದರು. ನಾಯ್ ಅಂದರೆ ಥಾಯ್‌ನಲ್ಲಿ ಚಿಕ್ಕದು, ಮನುಷ್ಯ ನೋಡಿದರೆ 188 ಸೆಂಟಿಮೀಟರ್. 1981ರಲ್ಲಿ ಲುಂಪಿನಿಯ ಲೈಟ್‌ವೆಯ್ಟ್ ಚಾಂಪಿಯನ್ ಆದವರು. ಕೊನೆಕೊನೆಗೆ ಇವರ ಎದುರು ನಿಲ್ಲಲು ಆ ತೂಕದಲ್ಲಿ ಆಳೇ ಸಿಗದಂತಾಯಿತು. 1982ರ ಡಿಸೆಂಬರಿನಲ್ಲಿ ಸಮಾರ್ತ್ ಪಯಕರೂನ್ ಜೊತೆ ಇವರ ಪಂದ್ಯ ಇದೆ, ಸಿಕ್ಕರೆ ನೋಡಿ. ಸಮಾರ್ತ್ ಅಂದರೆ ಸಾಮಾನ್ಯ ಆಸಾಮಿ ಅಲ್ಲ, ಮುಂದೆ 1986ರಲ್ಲಿ ಬಾಕ್ಸಿಂಗ್‌ನಲ್ಲೇ ವಿಶ್ವ ಚಾಂಪಿಯನ್ ಆದ ಕೈಚಳಕದ ಆಟಗಾರ. ಮೈಯಲ್ಲಿ ಡೀಸೆಲ್‌ನಾಯ್‌ಗಿಂತ ಚಿಕ್ಕವರು ಅನ್ನುವುದನ್ನೂ ಹೇಳಬೇಕು. ಅಂಥವರ ಕುತ್ತಿಗೆ ಹಿಡಿದು ಡೀಸೆಲ್‌ನಾಯ್ ಒಂದಾದ ಮೇಲೊಂದು ಮಂಡಿ ಹಾಕುವುದನ್ನು ನೋಡುವಾಗ ನನ್ನ ಕಣ್ಣು ಈಗ ಅಭ್ಯಾಸಬಲದಿಂದ ನಿಂತ ಕಾಲಿಗೇ ಹೋಗುತ್ತದೆ. ಹಿಮ್ಮಡಿ ಮೇಲೆ. ಸೊಂಟ ಮುಂದೆ. ಪ್ರತಿ ಸಲವೂ.

ಕುತ್ತಿಗೆ ಹಿಡಿಯುವುದು ಅಂದೆನಲ್ಲ, ಅದಿಲ್ಲದೆ ಮಂಡಿ ಅರ್ಧ. ಯಾಕೆಂದರೆ ಮಂಡಿಗೆ ಉದ್ದ ಕಮ್ಮಿ. ಕಿಕ್ ದೂರದಿಂದ ತಲುಪುತ್ತದೆ, ಪಂಚ್ ಮಧ್ಯದ ದೂರಕ್ಕೆ. ಮಂಡಿ ಹಾಕಬೇಕಾದರೆ ಎದುರಿನವರ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು, ಅಲ್ಲಿಗೆ ಹೋಗುವ ದಾರಿಯಲ್ಲಿ ಅವರೇನು ಕೈಕಟ್ಟಿ ಕೂತಿರುವುದಿಲ್ಲ. ಅದಕ್ಕೇ ಹಿಡಿತ, ಅದೇ ಕ್ಲಿಂಚ್. ಒಂದು ಅಂಗೈ ಎದುರಿನವರ ತಲೆಯ ಹಿಂಭಾಗದ ಮೇಲೆ, ಕುತ್ತಿಗೆಯ ಮೇಲಲ್ಲ, ಅದಕ್ಕಿಂತ ಮೇಲೆ. ಇನ್ನೊಂದು ಅಂಗೈ ಅದರ ಮೇಲೆ. ಬೆರಳಿಗೆ ಬೆರಳು ಹೆಣೆಯಬಾರದು, ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಮೊಣಕೈಗಳೆರಡೂ ಒಂದಕ್ಕೊಂದು ಹತ್ತಿರ, ಮುಂಗೈ ಅವರ ಕೊರಳೆಲುಬಿನ ಮೇಲೆ ಒತ್ತಿರಬೇಕು. ಆಮೇಲೆ ಎಳೆತ ಮತ್ತು ಸೊಂಟ ಒಟ್ಟಿಗೆ. ಅವರನ್ನು ಈ ಕಡೆ ಎಳೆಯುವುದು, ಮಂಡಿ ಆ ಕಡೆ ಹೋಗುವುದು, ನಡುವೆ ಎಲ್ಲೋ ಭೇಟಿ.

ಜೊತೆಗಾರರ ಮೇಲೆ ಅಭ್ಯಾಸ ಮಾಡುವಾಗ ಯಾರೂ ಮೊನೆಯಿಂದ ಹೊಡೆಯುವುದಿಲ್ಲ. ತೊಡೆಯ ಒಳಭಾಗದಿಂದ ಪಕ್ಕೆಗೆ ಪಟ್ ಅಂತ ತಟ್ಟುವುದು ಅಷ್ಟೇ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಉತ್ಸಾಹದಲ್ಲಿ ಯಾರದೋ ಪಕ್ಕೆಲುಬು ಮುರಿದೀರಿ. ನನ್ನ ಜೊತೆಗಾರ್ತಿ ಅದೇ ಕಾಲೇಜು ಹುಡುಗಿ. ತೂಕದಲ್ಲಿ ನನ್ನ ಮುಕ್ಕಾಲು ಭಾಗ ಇರಬಹುದು. ಮೊದಲ ಸಲ ಕ್ಲಿಂಚ್‌ಗೆ ನಿಂತಾಗ ನಾನು ಭಾರ ಹಾಕಿ ಒತ್ತಿದರೆ ಆಯಿತು ಅಂದುಕೊಂಡಿದ್ದೆ. ಅವಳ ಕೈ ನನ್ನ ತಲೆಯ ಹಿಂದೆ ಬಂದದ್ದು ಗೊತ್ತಾಯಿತು, ಮರುಕ್ಷಣ ನಾನು ನನ್ನದೇ ಕಾಲ್ಬೆರಳುಗಳನ್ನು ನೋಡುತ್ತಿದ್ದೆ. ತಲೆ ಕೆಳಗೆ ಹೋದ ಮೇಲೆ ಮೈಯಲ್ಲಿ ಎಷ್ಟು ಶಕ್ತಿ ಇದ್ದರೂ ಏನೂ ಪ್ರಯೋಜನವಿಲ್ಲ. "ಕತ್ತು ಬಗ್ಗಿಸಬೇಡಿ ಅಂಕಲ್. ನನ್ನನ್ನ ನೋಡಿ, ನೆಲ ನೋಡಬೇಡಿ. ಸೊಂಟ ಹಿಂದೆ ಎಳ್ಕೋತೀರಲ್ಲ, ಅದಕ್ಕೇ ಬಗ್ತೀರಿ" ಅಂದಳು. ಇಲ್ಲೂ ಸೊಂಟ! ಹೊಡೆಯಲೂ ಸೊಂಟ ಮುಂದೆ, ಹೊಡೆಸಿಕೊಳ್ಳದಿರಲೂ ಸೊಂಟ ಮುಂದೆ. ಹೆದರಿಕೆಗೆ ಹಿಂದೆ ಸರಿಯುವುದು ಮೈಯ ಹುಟ್ಟುಗುಣ. ಕುಂಡೆ ಹಿಂದೆ ಹೋಗುತ್ತದೆ, ತಲೆ ಮುಂದೆ ಬರುತ್ತದೆ, ಎದುರಿನವರಿಗೆ ತಾನಾಗಿ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಐದು ವಾರ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದನ್ನು ಬಿಡುವುದೇ.

ಉಸಿರಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ತಗಲುವ ಹೊತ್ತಿಗೆ ಉಸಿರು ಬಿಡಬೇಕು, ಹಲ್ಲಿನ ಸಂದಿನಿಂದ ಉಶ್ ಅಂತ. ಉಸಿರು ಕಟ್ಟಿ ಹೊಡೆದರೆ ಹತ್ತಕ್ಕೆ ಸುಸ್ತು. ಕ್ಲಾಸಿನ ಕೊನೆಗೆ ಬ್ಯಾಗ್ ಅಪ್ಪಿಕೊಂಡು ನೂರು ಮಂಡಿ ಹೊಡೆಸುತ್ತಾರೆ, ಆಗ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾನು ಅರವತ್ತರ ನಂತರ ಲೆಕ್ಕ ತಪ್ಪಿದಂತೆ ನಟಿಸುತ್ತೇನೆ. ಕೋಚ್ ತಪ್ಪುವುದಿಲ್ಲ.

ಹೋದ ಗುರುವಾರ ಒಂದು ಬಿತ್ತು. ಅದರ ಬಗ್ಗೆ ಬರೆಯಲೆಂದೇ ಇಷ್ಟೆಲ್ಲ ಪೀಠಿಕೆ. ನಾಲ್ಕನೇ ರೌಂಡ್ ಪ್ಯಾಡ್, ಆಗಲೇ ಕಾಲು ಸೋತಿತ್ತು, ಯೋಚನೆ ಮಾಡುವ ಸ್ಥಿತಿಯಲ್ಲೂ ಇರಲಿಲ್ಲ. ಜ್ಯಾಬ್, ಕ್ರಾಸ್, ಮಂಡಿ ಅಂದರು, ಅಂದರೆ ಎರಡು ಪಂಚ್, ಆಮೇಲೆ ಮಂಡಿ. ಎಡಪಾದ ಸ್ವಲ್ಪ ಹೊರಗೆ ಇಟ್ಟೆ, ಹಿಮ್ಮಡಿ ಎದ್ದಿತು, ಆಮೇಲೆ ನಾನೇನೂ ಮಾಡಿದ ನೆನಪಿಲ್ಲ. ದಿಂಬಿನ ಸದ್ದು ಬರಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತೆ ಒಂದು ಸದ್ದು ಬಂತು, ಮತ್ತು ಕೋಚ್‌ನ ಹಿಂದಿನ ಪಾದ ಮ್ಯಾಟ್ ಮೇಲೆ ಕಿರ್ ಅಂತ ಅರ್ಧ ಹೆಜ್ಜೆ ಹಿಂದೆ ಜಾರಿತು. ಮಂಡಿ ನೋಯಲಿಲ್ಲ. ವಿಚಿತ್ರ ಅಂದರೆ ಜೋರಾಗಿ ಹೊಡೆದೆ ಅಂತಲೂ ಅನ್ನಿಸಲಿಲ್ಲ, ಯಾರೋ ಹಿಂದಿನಿಂದ ನನ್ನನ್ನು ಬಾಗಿಲೊಳಗೆ ನೂಕಿದ ಹಾಗೆ ಇತ್ತು.

ಶಭಾಷ್ ಅನ್ನಬಹುದು ಅಂತ ಮುಖ ನೋಡಿದೆ. ಕೋಚ್ ಬೆಲ್ಲಿ ಪ್ಯಾಡ್‌ನ ಪಟ್ಟಿ ಬಿಗಿ ಮಾಡಿಕೊಂಡರು. ಅದೇ ನನಗೆ ಶಭಾಷ್. "ಇನ್ನೊಂದು" ಅಂದರು. ಇನ್ನೊಂದು ದಿಂಬಿನ ಸದ್ದೇ ಮಾಡಿತು. ಅದರ ಮುಂದಿನದೂ.

ಇದೆಲ್ಲ ಬಲ ಮಂಡಿಯ ಕಥೆ. ಎಡ ಮಂಡಿಗೆ ಸುದ್ದಿ ಇನ್ನೂ ತಲುಪಿಲ್ಲ. ಎಡಗಾಲು ಮುಂದೆ ಇರುವುದರಿಂದ ಅದಕ್ಕೆ ಹಿಂದಿನಿಂದ ಬರುವ ಓಟ ಸಿಗುವುದಿಲ್ಲ, ಮೊದಲು ಎಗರಿ ಕಾಲು ಬದಲಿಸಬೇಕು, ಬದಲಿಸುವಾಗ ನಾನು ಗಾಳಿಯಲ್ಲಿ ಎರಡು ಸಲ ಯೋಚನೆ ಮಾಡುತ್ತೇನೆ, ನೆಲಕ್ಕೆ ಬರುವಷ್ಟರಲ್ಲಿ ಎದುರಿನವರು ಬೇರೆ ಕಡೆ ಹೋಗಿರುತ್ತಾರೆ. ನಿನ್ನೆ ಹತ್ತು ಎಡ ಮಂಡಿ ಹೊಡೆದು ಮುಗಿಸಿದ ಮೇಲೆ ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ಯಾಡ್ ಬಿಚ್ಚಿ ಕೆಳಗಿಟ್ಟು, ಮೂಲೆಯಲ್ಲಿದ್ದ ಹೆವಿ ಬ್ಯಾಗ್ ಕಡೆ ಬೆರಳು ತೋರಿಸಿದರು. ನಾನು ಹೋಗಿ ಬ್ಯಾಗ್ ಹಿಡಿದುಕೊಂಡು ಎಡಗಡೆಯ ಸೊಂಟದಿಂದ ಡಿಕ್ಕಿ ಕೊಡಲು ಶುರು ಮಾಡಿದೆ. ಕನ್ನಡಿಯಲ್ಲಿ ಕಾಲೇಜು ಹುಡುಗಿ ಬಾಟಲಿಯಿಂದ ನೀರು ಕುಡಿಯುತ್ತಾ ಎಣಿಸುತ್ತಿದ್ದಳು.